ವರ್ಣತಂತುವಿನ ತುದಿಯನ್ನು ಕಂಡ ಬಗೆ

ಹುರಿ ಹೊಸೆದ ಒಂದು ಹಗ್ಗವನ್ನು ನಡುವೆ ಕತ್ತರಿಸಿದರೆ ಕಣ್ಣ ಮುಂದೆ ನಾಲ್ಕು ತುದಿಗಳು ಉಳಿಯುತ್ತವೆ. ಎರಡು ಮೊದಲಿನಿಂದಲೂ ಇದ್ದವು, ಇನ್ನೆರಡು ಕತ್ತರಿಯಿಂದ ಈಗಷ್ಟೇ ಹುಟ್ಟಿದವು. ಯಾವುದು ಯಾವುದೆಂದು ಗುರುತು ಹಿಡಿಯುವುದು ಹೇಗೆ?

ಜೀವಕೋಶಕ್ಕೆ ಇದು ಅಳಿವು ಉಳಿವಿನ ಪ್ರಶ್ನೆ. ಮನುಷ್ಯನ ಸಾಮಾನ್ಯ ಕೋಶದಲ್ಲಿ 46 ವರ್ಣತಂತುಗಳಿವೆ. ಒಂದೊಂದೂ ಎರಡು ಎಳೆಗಳು ಹೆಣೆದುಕೊಂಡ ಉದ್ದನೆಯ ಒಂದು ಡಿಎನ್‌ಎ ಅಣು. ಅಂದರೆ ಕೋಶಕೇಂದ್ರದ ಒಳಗೆ ಡಿಎನ್‌ಎ ನಕಲಾಗುವ ಮುನ್ನ 92 ಸಹಜ ತುದಿಗಳಿರುತ್ತವೆ. ವಿಕಿರಣದಿಂದಲೋ ರಾಸಾಯನಿಕಗಳಿಂದಲೋ ಡಿಎನ್‌ಎ ತುಂಡಾಗುವುದುಂಟು. ಹಾಗೆ ತುಂಡಾದಾಗ ದುರಸ್ತಿ ಪ್ರೋಟೀನುಗಳು ಓಡಿಬಂದು, ಬಿಡಿ ತುದಿಗಳನ್ನು ಹಿಡಿದು ಬೆಸೆಯುತ್ತವೆ. ಅವು ಇಲ್ಲದಿದ್ದರೆ ನಾವು ಬದುಕುವಂತಿಲ್ಲ. ಆದರೆ ಅದೇ ಪ್ರೋಟೀನುಗಳು 92 ಸಹಜ ತುದಿಗಳನ್ನು ಮುರಿದ ತುದಿಗಳೆಂದು ತಿಳಿದು ಒಂದಕ್ಕೊಂದು ಬೆಸೆದುಬಿಟ್ಟರೆ, ಮುಂದಿನ ವಿಭಜನೆಯಲ್ಲಿ ವರ್ಣತಂತುಗಳು ಹರಿದು ಚೂರಾಗುತ್ತವೆ.

ಹಾಗಾಗದಂತೆ ತುದಿಗಳನ್ನು ಕಾಯುವ ರಚನೆಗೆ ಟೆಲೊಮೀರ್ ಎಂದು ಹೆಸರು. ಅದರ ಬಗ್ಗೆ ಓದುವಾಗ ಮುಪ್ಪು, ಆಯುಸ್ಸು, ಕ್ಯಾನ್ಸರ್ ಎಂಬ ಮಾತುಗಳು ಬೇಗನೆ ಮುಂದೆ ಬಂದು ನಿಲ್ಲುತ್ತವೆ. ನನಗೆ ಅದಕ್ಕೂ ಮೊದಲಿನ ಪ್ರಶ್ನೆ ಹೆಚ್ಚು ಮುಖ್ಯವೆನಿಸುತ್ತದೆ: ಆ ತುದಿ ನೋಡಲು ಹೇಗಿದೆ? ಎರಡು ನ್ಯಾನೊಮೀಟರ್ ದಪ್ಪದ ಎಳೆಯ ಕೊನೆಯನ್ನು ನೋಡಿದೆವು ಎಂದು ಯಾರಾದರೂ ಹೇಳಿದರೆ ಅವರು ನಿಜವಾಗಿ ಕಂಡದ್ದು ಏನನ್ನು? ಸೂಕ್ಷ್ಮದರ್ಶಕದ ಅಡಿಗೆ ಬರುವ ಮುನ್ನ ಆ ತುದಿಗೆ ಏನೇನು ಮಾಡಲಾಯಿತು ಎಂಬುದನ್ನು ತಿಳಿಯದೆ ಅದರ ಚಿತ್ರವನ್ನು ಓದಲಾಗದು.

ತುದಿಗೆ ವಿಶೇಷ ಗುಣವಿದೆಯೆಂಬ ಸುಳಿವು ಮೊದಲು ಸಿಕ್ಕಿದ್ದು 1930ರ ದಶಕದಲ್ಲಿ. ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌-ಕಿರಣ ತಾಗಿಸಿ ಅವುಗಳ ವರ್ಣತಂತುಗಳನ್ನು ಮುರಿಯುತ್ತಿದ್ದರು. ಮುರಿದ ತುಂಡುಗಳು ಬೇಕಾದ ಹಾಗೆ ಜಾಗ ಬದಲಿಸಿ ಕೂಡಿಕೊಳ್ಳುತ್ತಿದ್ದವು. ಆದರೆ ಸಹಜ ತುದಿಯನ್ನೇ ಕಳೆದುಕೊಂಡು ಹಾಗೆಯೇ ಉಳಿದ ವರ್ಣತಂತು ಅವರಿಗೆ ಸಿಗಲಿಲ್ಲ. ತುದಿಯಲ್ಲಿ ಏನೋ ಇದೆ, ಅದಿಲ್ಲದೆ ವರ್ಣತಂತು ಬಾಳದು ಎಂದು ಅವರು ಊಹಿಸಿದರು. ಗ್ರೀಕ್ ಭಾಷೆಯ ‘ಕೊನೆ’ ಮತ್ತು ‘ಭಾಗ’ ಎಂಬ ಎರಡು ಪದಗಳನ್ನು ಕೂಡಿಸಿ 1938ರಲ್ಲಿ ಟೆಲೊಮೀರ್ ಎಂಬ ಹೆಸರನ್ನೂ ಕೊಟ್ಟರು.

ಅದೇ ಕಾಲದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದ ಕೋಶಗಳಿಗೆ ಬಣ್ಣ ಹಾಕಿ ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅವರು ಕಂಡದ್ದು ಒಂದು ವಿಷಚಕ್ರ. ಮುರಿದ ಎರಡು ತುದಿಗಳು ಕೂಡಿಕೊಳ್ಳುತ್ತವೆ. ಕೋಶ ವಿಭಜನೆಯಾಗುವಾಗ ಆ ಬೆಸೆದ ವರ್ಣತಂತುವನ್ನು ಎರಡೂ ಕಡೆಯಿಂದ ಎಳೆಯಲಾಗುತ್ತದೆ, ನಡುವೆ ಸೇತುವೆಯಂತೆ ಅದು ಬಿಗಿದು ನಿಲ್ಲುತ್ತದೆ, ಕೊನೆಗೆ ಹರಿಯುತ್ತದೆ. ಹರಿದ ತುದಿಗಳು ಮತ್ತೆ ಕೂಡುತ್ತವೆ, ಮತ್ತೆ ಸೇತುವೆ, ಮತ್ತೆ ಹರಿಯುವಿಕೆ. ಸಹಜ ತುದಿಗಳು ಮಾತ್ರ ಈ ಚಕ್ರಕ್ಕೆ ಸಿಲುಕುವುದಿಲ್ಲ. ತುದಿಯ ರಚನೆಯ ಒಂದು ಅಂಶವೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅದು ಇಲ್ಲವಾದಾಗ ಆಗುವ ಅನಾಹುತವನ್ನು ನೋಡಿಯೇ ಅವರು ಅದರ ಇರುವಿಕೆಯನ್ನು ಅರಿತರು. ಮಸೂರ ತೋರಿಸದ ವಸ್ತುವನ್ನೂ ಸೂಕ್ಷ್ಮದರ್ಶಕದಿಂದ ಹೀಗೆ ತಿಳಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಮುಂದಿನ ನಾಲ್ಕು ದಶಕಗಳನ್ನು ಬೇಗ ದಾಟೋಣ. 1970ರ ದಶಕದ ಆರಂಭದಲ್ಲಿ ಅಲೆಕ್ಸೆಯ್ ಒಲೊವ್ನಿಕೊವ್ ಮತ್ತು ಜೇಮ್ಸ್ ವಾಟ್ಸನ್ ಬೇರೆಬೇರೆಯಾಗಿ ಒಂದು ತೊಡಕನ್ನು ಗುರುತಿಸಿದರು: ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ಎಳೆಯ ಕಟ್ಟಕಡೆಯವರೆಗೆ ನಕಲು ಮಾಡಲು ಬರುವುದಿಲ್ಲ. ಹಾಗಾಗಿ ಪ್ರತಿ ವಿಭಜನೆಯಲ್ಲೂ ತುದಿ ಸವೆಯಲೇಬೇಕು. 1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ ಕೊಳದ ನೀರಿನಲ್ಲಿ ಬದುಕುವ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಡಿಎನ್‌ಎ ತುದಿಯಲ್ಲಿ ಆರು ಅಕ್ಷರಗಳ ಒಂದೇ ಪದ ಮತ್ತೆ ಮತ್ತೆ ಬರುವುದನ್ನು ಕಂಡರು. (ಅಕ್ಷರಗಳೆಂದರೆ ಡಿಎನ್‌ಎ ಎಳೆಯ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳು. ಎರಡು ಎಳೆಗಳ ನಡುವೆ ಎ ಟಿಯ ಜೊತೆ, ಜಿ ಸಿಯ ಜೊತೆ ಜೋಡಿಯಾಗುತ್ತದೆ.) 1988ರಲ್ಲಿ ಮನುಷ್ಯನ ಪದವೂ ತಿಳಿಯಿತು: ಟಿಟಿಎಜಿಜಿಜಿ. ಇದು ಸುಮಾರು ಎಂಟುನೂರರಿಂದ ಎರಡೂವರೆ ಸಾವಿರ ಬಾರಿ ಸಾಲಾಗಿ ಬರೆದಿರುತ್ತದೆ, ಒಟ್ಟು ಉದ್ದ ಸುಮಾರು 5 ಸಾವಿರದಿಂದ 15 ಸಾವಿರ ಅಕ್ಷರ ಜೋಡಿಗಳು. ಸವೆದ ತುದಿಗೆ ಈ ಪದವನ್ನು ಮತ್ತೆ ಬರೆದು ಸೇರಿಸುವ ಟೆಲೊಮರೇಸ್ ಎಂಬ ಕಿಣ್ವವನ್ನು ಕ್ಯಾರಲ್ ಗ್ರೈಡರ್ ಮತ್ತು ಬ್ಲ್ಯಾಕ್‌ಬರ್ನ್ ಪತ್ತೆ ಮಾಡಿದರು. ಇವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್ ಅವರಿಗೂ 2009ರ ನೊಬೆಲ್ ಬಂತು.

ಇದೆಲ್ಲ ತುದಿಯಲ್ಲಿ ಏನು ಬರೆದಿದೆ ಎಂಬುದರ ಕಥೆ. ಅದು ಹೇಗೆ ಮಡಿಚಿಕೊಂಡಿದೆ ಎಂಬುದು ಅಕ್ಷರಗಳನ್ನು ಓದಿದರೆ ತಿಳಿಯದು.

ಮಿನುಗುವ ಚುಕ್ಕೆಗಳು

ವರ್ಣತಂತುಗಳನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ನೋಡಬೇಕಾದರೆ ಕೋಶವನ್ನು ಸರಿಯಾದ ಗಳಿಗೆಯಲ್ಲಿ ತಡೆಯಬೇಕು. ಉಳಿದ ಸಮಯದಲ್ಲಿ ಅವು ಕೋಶಕೇಂದ್ರದಲ್ಲಿ ಸಿಕ್ಕುಗಟ್ಟಿದ ನೂಲಿನಂತಿರುತ್ತವೆ. ವಿಭಜನೆಗೆ ಸ್ವಲ್ಪ ಮುಂಚೆ ಮಾತ್ರ ದಪ್ಪಗೆ, ಗಿಡ್ಡಗೆ ಸುತ್ತಿಕೊಳ್ಳುತ್ತವೆ. ಆಗ ಕೋಲ್ಸಿಮಿಡ್ ಎಂಬ ಔಷಧದಿಂದ ವಿಭಜನೆಯನ್ನು ಅಲ್ಲೇ ನಿಲ್ಲಿಸಿ, ಕೋಶಗಳನ್ನು ಉಪ್ಪಿನಂಶ ಕಡಿಮೆಯಿರುವ ದ್ರಾವಣದಲ್ಲಿ ಇಡುತ್ತಾರೆ. ನೀರು ಒಳನುಗ್ಗಿ ಕೋಶ ಉಬ್ಬುತ್ತದೆ, ವರ್ಣತಂತುಗಳು ಒಂದರಿಂದೊಂದು ದೂರ ಸರಿಯುತ್ತವೆ. ಮೆಥನಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಅವನ್ನು ಸ್ಥಿರಗೊಳಿಸಿ ಗಾಜಿನ ಪಟ್ಟಿಯ ಮೇಲೆ ಹನಿಯಾಗಿ ಬೀಳಿಸಿದರೆ ವರ್ಣತಂತುಗಳು ಹರಡಿಕೊಂಡು ಕೂರುತ್ತವೆ. ಉಬ್ಬಿಸುವ ಈ ಒಂದು ಹಂತ ಗೊತ್ತಿಲ್ಲದಿದ್ದ ಕಾಲದಲ್ಲಿ ಮನುಷ್ಯನ ವರ್ಣತಂತುಗಳು 48 ಎಂದೇ ನಂಬಲಾಗಿತ್ತು. 46 ಎಂಬ ಸರಿಯಾದ ಎಣಿಕೆ ಬಂದದ್ದು 1956ರಲ್ಲಿ.

ಇನ್ನು ತುದಿಗಳನ್ನು ಬೆಳಗಬೇಕು. ಅಲ್ಲಿರುವ ಪದ ಗೊತ್ತಿರುವುದರಿಂದ, ಅದಕ್ಕೆ ಎದುರುಜೋಡಿಯಾಗುವ ಸಿಸಿಸಿಟಿಎಎ ಎಂಬ ಪದವನ್ನು ಮೂರು ಬಾರಿ ಬರೆದ ಚಿಕ್ಕ ಎಳೆಯೊಂದನ್ನು ತಯಾರಿಸಿ, ಅದಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸುತ್ತಾರೆ. ವರ್ಣತಂತುವಿನ ಡಿಎನ್‌ಎಯನ್ನು ಬಿಸಿ ಮಾಡಿ ಎರಡು ಎಳೆಗಳನ್ನು ಬಿಡಿಸಿದಾಗ ಈ ಚಿಕ್ಕ ಎಳೆ ಹೋಗಿ ತನ್ನ ಜೋಡಿಯನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಫಿಶ್ ವಿಧಾನ ಎನ್ನುತ್ತಾರೆ. ಮಾಮೂಲಿ ಡಿಎನ್‌ಎಯಿಂದ ಮಾಡಿದ ಎಳೆಗಿಂತ ಪಿಎನ್‌ಎ ಎಂಬ ಕೃತಕ ಅಣುವಿನ ಎಳೆ ಇಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಬೆನ್ನೆಲುಬಿನಲ್ಲಿ ವಿದ್ಯುದಂಶವಿಲ್ಲ, ಆದ್ದರಿಂದ ಡಿಎನ್‌ಎ ಅದನ್ನು ದೂರ ತಳ್ಳುವುದಿಲ್ಲ, ಹಿಡಿತ ಗಟ್ಟಿಯಾಗಿರುತ್ತದೆ.

ಫಲಿತಾಂಶ ನೋಡಲು ಬಹಳ ಚೆಂದ. ನೀಲಿ ಬಣ್ಣ ಹಾಕಿದ ವರ್ಣತಂತುಗಳ ತುದಿತುದಿಯಲ್ಲೂ ಒಂದೊಂದು ಉಜ್ವಲ ಚುಕ್ಕೆ. ಈ ಹಂತದಲ್ಲಿ ಪ್ರತಿ ವರ್ಣತಂತುವೂ ಜೋಡಿ ನಕಲುಗಳಾಗಿರುವುದರಿಂದ ಒಂದಕ್ಕೆ ನಾಲ್ಕು ಚುಕ್ಕೆಗಳು ಕಾಣಬೇಕು.

ಆದರೆ ಚೆಂದಕ್ಕಿಂತ ಮುಖ್ಯವಾದದ್ದು ಅಳತೆ. ತುದಿ ಉದ್ದವಿದ್ದಷ್ಟೂ ಹೆಚ್ಚು ಚಿಕ್ಕ ಎಳೆಗಳು ಅಂಟುತ್ತವೆ, ಚುಕ್ಕೆ ಅಷ್ಟೇ ಹೆಚ್ಚು ಹೊಳೆಯುತ್ತದೆ. 1996ರಲ್ಲಿ ಪೀಟರ್ ಲ್ಯಾನ್ಸ್‌ಡಾರ್ಪ್ ಅವರ ತಂಡ ಈ ಹೊಳಪನ್ನೇ ಉದ್ದದ ಅಳತೆಗೋಲಾಗಿ ಮಾಡಿಕೊಂಡಿತು. ರಾಸಾಯನಿಕ ವಿಧಾನಗಳು ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆದು ಸರಾಸರಿ ಉದ್ದ ಕೊಡುತ್ತಿದ್ದವು. ಇಲ್ಲಿ ಒಂದೊಂದು ತುದಿಯ ಲೆಕ್ಕ ಸಿಗುತ್ತದೆ. ಇದರ ಬೆಲೆ ದೊಡ್ಡದು, ಏಕೆಂದರೆ ಕೋಶ ವಿಭಜನೆಯನ್ನು ನಿಲ್ಲಿಸುವುದು ಸರಾಸರಿಯನ್ನು ನೋಡಿ ಅಲ್ಲ. ತೊಂಬತ್ತೆರಡರಲ್ಲಿ ಕೆಲವೇ ತುದಿಗಳು ಅತಿಯಾಗಿ ಸವೆದರೂ ಅಪಾಯದ ಗಂಟೆ ಬಾರಿಸಲು ಅಷ್ಟು ಸಾಕು. ಸೂಕ್ಷ್ಮದರ್ಶಕದಲ್ಲಿ ಅಂಥ ತುದಿಗಳು ಚುಕ್ಕೆಯೇ ಇಲ್ಲದೆ ಬರಿದಾಗಿ ಕಾಣುತ್ತವೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ ಒಂದೇ ತುದಿಯಲ್ಲಿ ಎರಡು ಮೂರು ಚುಕ್ಕೆಗಳು ಹರಿದ ಮಣಿಸರದಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಆ ತುದಿಯನ್ನು ನಕಲು ಮಾಡುವಾಗ ಕಿಣ್ವ ಎಡವಿದೆ ಎಂಬುದರ ಕುರುಹು ಅದು.

ಟೆಲೊಮೀರಿನ ಕಾವಲಿಗೆ ಆರು ಪ್ರೋಟೀನುಗಳ ಒಂದು ಗುಂಪಿದೆ. ಅದರ ಹೆಸರು ಶೆಲ್ಟರಿನ್. ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಟಿಟಿಯಾ ಡಿ ಲಾಂಗೆ ತಮ್ಮ ಸಂಶೋಧನೆಯ ಬಹುಭಾಗವನ್ನು ಈ ಗುಂಪಿಗೇ ಮೀಸಲಿಟ್ಟವರು. ಆರರಲ್ಲಿ ಒಂದಾದ ಟಿಆರ್‌ಎಫ್‌2 ಎಂಬ ಪ್ರೋಟೀನನ್ನು ಕೋಶದಿಂದ ತೆಗೆದುಹಾಕಿದಾಗ ಕಂಡ ದೃಶ್ಯ ಮರೆಯುವಂಥದ್ದಲ್ಲ. ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡು ರೈಲು ಬೋಗಿಗಳಂತೆ ಸಾಲುಗಟ್ಟಿದ್ದವು. ಬೆಸುಗೆಯ ಜಾಗದಲ್ಲಿ ಫಿಶ್ ಚುಕ್ಕೆ ಇನ್ನೂ ಹೊಳೆಯುತ್ತಿತ್ತು. ಈ ಕೊನೆಯ ವಿವರವನ್ನು ಗಮನಿಸಬೇಕು. ಅಲ್ಲಿ ಟೆಲೊಮೀರಿನ ಅಕ್ಷರಗಳು ಹಾಗೆಯೇ ಇದ್ದವು, ಸವೆದು ಹೋಗಿರಲಿಲ್ಲ. ಆದರೂ ತುದಿಗೆ ರಕ್ಷಣೆ ಸಿಗಲಿಲ್ಲ. ಅಂದಮೇಲೆ ರಕ್ಷಣೆ ಇರುವುದು ಅಕ್ಷರಗಳಲ್ಲಷ್ಟೇ ಅಲ್ಲ, ಟಿಆರ್‌ಎಫ್‌2 ಅಲ್ಲಿ ಮಾಡುವ ಯಾವುದೋ ಕೆಲಸದಲ್ಲಿ. ಆ ಕೆಲಸ ಏನು?

ಇಲ್ಲಿ ಬೆಳಕಿನ ಸೂಕ್ಷ್ಮದರ್ಶಕ ಕೈಚೆಲ್ಲುತ್ತದೆ. ಬೆಳಕು ಅಲೆಯಾಗಿರುವುದರಿಂದ ಎಷ್ಟೇ ಸಣ್ಣ ಬಿಂದುವೂ ಮಸೂರದ ಆಚೆ ಒಂದು ಮಸುಕು ಬಿಲ್ಲೆಯಾಗಿಯೇ ಮೂಡುತ್ತದೆ. ಇದರ ಲೆಕ್ಕವನ್ನು ಎರ್ನ್‌ಸ್ಟ್ ಅಬೆ 1873ರಲ್ಲೇ ಹಾಕಿಕೊಟ್ಟಿದ್ದರು. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಆಗಿ ಕಾಣುತ್ತವೆ. ಕೋಶಕೇಂದ್ರದೊಳಗಿನ ಟೆಲೊಮೀರ್ ಬಹುಮಟ್ಟಿಗೆ ಈ ಅಳತೆಯೊಳಗೇ ಮುದುಡಿ ಕೂತಿರುತ್ತದೆ. ಕತ್ತಲಲ್ಲಿ ಬಹುದೂರದ ದೀಪವೊಂದು ಕಂಡರೆ ದೀಪವಿದೆ ಎಂದು ತಿಳಿಯುತ್ತದೆ, ಅದು ಎಷ್ಟು ಪ್ರಖರ ಎಂದೂ ತಿಳಿಯುತ್ತದೆ. ಆದರೆ ಅದರ ಆಕಾರ ಹೇಳಲಾಗದು. ಫಿಶ್ ಚುಕ್ಕೆಯೂ ಹಾಗೆಯೇ.

ಕುಣಿಕೆ

ಟೆಲೊಮೀರಿನ ಕಟ್ಟಕಡೆಯಲ್ಲಿ ಎರಡು ಎಳೆಗಳೂ ಒಂದೇ ಕಡೆ ಮುಗಿಯುವುದಿಲ್ಲ. ಜಿ ಅಕ್ಷರ ಹೆಚ್ಚಿರುವ ಎಳೆ ಇನ್ನೊಂದಕ್ಕಿಂತ ಹತ್ತಾರರಿಂದ ಕೆಲವು ನೂರು ಅಕ್ಷರಗಳಷ್ಟು ಮುಂದಕ್ಕೆ ಚಾಚಿರುತ್ತದೆ. ಆ ಒಂಟಿ ಎಳೆ ಸುಮ್ಮನೆ ಗಾಳಿಗೆ ಬಿಟ್ಟ ದಾರದಂತೆ ತೂಗಾಡುತ್ತಿದ್ದರೆ ದುರಸ್ತಿ ಪ್ರೋಟೀನುಗಳ ಕಣ್ಣಿಗೆ ಬೀಳದೆ ಇರುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಡಿ ಲಾಂಗೆ, ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಡಿಎನ್‌ಎ ನೋಡುವುದರಲ್ಲಿ ಪಳಗಿದ ಜ್ಯಾಕ್ ಗ್ರಿಫಿತ್ ಅವರ ಜೊತೆ ಕೈಜೋಡಿಸಿದರು. ಅವರ ಫಲಿತಾಂಶ ಪ್ರಕಟವಾದದ್ದು 1999ರಲ್ಲಿ.

ಮೊದಲ ಕಷ್ಟ ಟೆಲೊಮೀರನ್ನು ಬೇರ್ಪಡಿಸುವುದು. ಒಂದು ಅಂದಾಜು ಹಾಕೋಣ. ಒಂದು ತುದಿಗೆ ಹತ್ತು ಸಾವಿರ ಅಕ್ಷರ ಜೋಡಿಗಳೆಂದರೆ 92 ತುದಿಗಳಿಗೆ ಒಂಬತ್ತು ಲಕ್ಷ ಚಿಲ್ಲರೆ. ಕೋಶದ ಒಟ್ಟು ಡಿಎನ್‌ಎ ಆರುನೂರು ಕೋಟಿ ಜೋಡಿಗಳಿಗೂ ಹೆಚ್ಚು. ಹಾಗಾಗಿ ಟೆಲೊಮೀರಿನ ಪಾಲು ಹೆಚ್ಚುಕಡಿಮೆ ಏಳು ಸಾವಿರದಲ್ಲಿ ಒಂದು. ಕಣ್ಣಿಗೆ ಎಲ್ಲ ಡಿಎನ್‌ಎ ಎಳೆಗಳೂ ಒಂದೇ ತರಹ ಕಾಣುವುದರಿಂದ, ಬೇರ್ಪಡಿಸದೆ ನೋಡಿದರೆ ಯಾವುದು ತುದಿ ಎಂದೇ ತಿಳಿಯದು.

ಇದಕ್ಕೆ ಅವರು ಕಂಡುಕೊಂಡ ದಾರಿ ಬಹಳ ಸರಳ, ಅಷ್ಟೇ ಜಾಣತನದ್ದು. ಡಿಎನ್‌ಎಯಲ್ಲಿ ನಿರ್ದಿಷ್ಟ ಅಕ್ಷರಗಳ ಸಾಲು ಕಂಡಲ್ಲೆಲ್ಲ ಕತ್ತರಿಸುವ ಕಿಣ್ವಗಳಿವೆ. ನಾಲ್ಕಕ್ಷರದ ಸಾಲನ್ನು ಗುರುತಿಸುವ ಕಿಣ್ವ ಸರಾಸರಿ ಇನ್ನೂರೈವತ್ತು ಅಕ್ಷರಗಳಿಗೊಮ್ಮೆ ಕತ್ತರಿ ಹಾಕುತ್ತದೆ. ಆದರೆ ಟೆಲೊಮೀರಿನಲ್ಲಿ ಟಿಟಿಎಜಿಜಿಜಿ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಕತ್ತರಿಗೆ ಅಲ್ಲಿ ಜಾಗವೇ ಇಲ್ಲ. ಇಂಥ ಕೆಲವು ಕಿಣ್ವಗಳನ್ನು ಒಟ್ಟಿಗೆ ಬಿಟ್ಟರೆ ಉಳಿದ ಡಿಎನ್‌ಎ ಎಲ್ಲ ಪುಡಿಪುಡಿ, ಟೆಲೊಮೀರುಗಳು ಮಾತ್ರ ಉದ್ದನೆಯ ತುಂಡುಗಳಾಗಿ ಉಳಿಯುತ್ತವೆ. ಗಾತ್ರಕ್ಕೆ ತಕ್ಕಂತೆ ಅಣುಗಳನ್ನು ಬೇರ್ಪಡಿಸುವ ಜೆಲ್ ಕಂಬದ ಮೂಲಕ ಹಾಯಿಸಿದರೆ ದೊಡ್ಡ ತುಂಡುಗಳು ಮೊದಲು ಹೊರಬರುತ್ತವೆ.

ಎರಡನೆಯ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಶುದ್ಧೀಕರಣದಲ್ಲಿ ಪ್ರೋಟೀನುಗಳೆಲ್ಲ ಕಳಚಿಹೋಗುತ್ತವೆ. ಅವು ಹಿಡಿದಿಟ್ಟಿದ್ದ ಮಡಿಕೆ ಏನೇ ಇದ್ದರೂ ಬಿಚ್ಚಿಕೊಳ್ಳುತ್ತದೆ. ಆಗ ನೋಡಿ ಏನು ಪ್ರಯೋಜನ? ಆದ್ದರಿಂದ ಕೋಶಕೇಂದ್ರಗಳು ಇನ್ನೂ ಇಡಿಯಾಗಿರುವಾಗಲೇ ಅವುಗಳಿಗೆ ಸೊರಾಲೆನ್ ಎಂಬ ಸಸ್ಯಮೂಲದ ರಾಸಾಯನಿಕವನ್ನು ಕುಡಿಸಿ ಅತಿನೇರಳೆ ಬೆಳಕು ಹಾಯಿಸಿದರು. ಸೊರಾಲೆನ್ ಡಿಎನ್‌ಎಯ ಎರಡು ಎಳೆಗಳ ನಡುವೆ ತೂರಿಕೊಂಡು, ಬೆಳಕು ಬಿದ್ದೊಡನೆ ಎರಡನ್ನೂ ಬಿಚ್ಚಲಾಗದಂತೆ ಹೊಲಿಯುತ್ತದೆ. ಪ್ರೋಟೀನುಗಳು ಹೋದರೂ ಹೊಲಿಗೆ ಉಳಿಯುತ್ತದೆ.

ಕೊನೆಯ ಕಷ್ಟ, ಕಾಣಿಸುವುದು. ಎಲೆಕ್ಟ್ರಾನುಗಳಿಗೆ ಎರಡು ನ್ಯಾನೊಮೀಟರ್ ದಪ್ಪದ ಬರಿಯ ಡಿಎನ್‌ಎ ಬಹುತೇಕ ಪಾರದರ್ಶಕ. ಅದನ್ನು ತೆಳುವಾದ ಇಂಗಾಲದ ಪೊರೆಯ ಮೇಲೆ ಹರಡಿ, ನಿರ್ವಾತದಲ್ಲಿ ತಿರುಗಿಸುತ್ತ, ಓರೆಯಾಗಿ ಲೋಹದ ಆವಿಯನ್ನು ಸಿಂಪಡಿಸುತ್ತಾರೆ. ಎಳೆಯ ಎರಡು ಬದಿಗೂ ಲೋಹದ ಕಣಗಳು ಮೆತ್ತಿಕೊಂಡು ಅದರ ಗೆರೆ ಮೂಡುತ್ತದೆ. ನಾವು ನೋಡುವುದು ಡಿಎನ್‌ಎಯನ್ನಲ್ಲ, ಅದರ ಮೇಲೆ ಕೂತ ಲೋಹದ ಲೇಪವನ್ನು.

ಇಷ್ಟೆಲ್ಲ ಆದ ಮೇಲೆ ಚಿತ್ರದಲ್ಲಿ ಕಂಡದ್ದು ನೇರ ಗೆರೆಗಳ ನಡುವೆ ಕುಣಿಕೆಗಳು. ಒಂದು ಉದ್ದನೆಯ ಬಾಲ, ಅದರ ಕೊನೆಗೆ ದುಂಡನೆಯ ಬಳೆ. ಟೆಲೊಮೀರ್ ತಿರುಗಿ ಬಂದು, ತನ್ನ ತುದಿಯ ಒಂಟಿ ಎಳೆಯನ್ನು ತನ್ನದೇ ಹಿಂದಿನ ಭಾಗದ ಎರಡು ಎಳೆಗಳ ನಡುವೆ ತೂರಿಸಿಟ್ಟುಕೊಂಡಿತ್ತು. ಹಗ್ಗದ ಕೊನೆ ಬಿಚ್ಚಿಕೊಳ್ಳದಿರಲೆಂದು ಅದನ್ನು ಹಿಂದಕ್ಕೆ ಮಡಿಚಿ ಹುರಿಯ ನಡುವೆ ಸೇರಿಸಿ ಬಿಗಿಯುವುದುಂಟಲ್ಲ, ಥೇಟ್ ಹಾಗೆ. ಕುಣಿಕೆಯ ಗಾತ್ರ ಒಂದೇ ಆಗಿರಲಿಲ್ಲ, ಕೆಲವು ಸಾವಿರ ಅಕ್ಷರಗಳಿಂದ ಹತ್ತು ಸಾವಿರವನ್ನು ಮೀರಿದವುಗಳವರೆಗೂ ಇದ್ದವು. ಹರಡಿದಾಗ ಹತ್ತು ಸಾವಿರ ಜೋಡಿಗಳ ಕುಣಿಕೆಯ ಸುತ್ತಳತೆ 3.4 ಮೈಕ್ರೊಮೀಟರ್.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಹಜ ತುದಿಯನ್ನು ಮುರಿದ ತುದಿಯಿಂದ ಕೋಶ ಬೇರ್ಪಡಿಸುವುದು ಹೇಗೆಂದರೆ, ಸಹಜ ತುದಿಯನ್ನು ತುದಿಯಾಗಿಯೇ ಉಳಿಸದೆ. ದುರಸ್ತಿಯ ಮೊದಲ ಹೆಜ್ಜೆಯಲ್ಲಿ ಬರುವ ಕೂ ಎಂಬ ಪ್ರೋಟೀನು ಉಂಗುರದಾಕಾರದ್ದು, ಬಿಡಿ ತುದಿಯ ಮೂಲಕವೇ ಡಿಎನ್‌ಎಗೆ ತೊಡಿಸಿಕೊಳ್ಳಬೇಕು. ತುದಿ ಒಳಗೆ ಹುದುಗಿದ್ದರೆ ಉಂಗುರ ತೊಡಿಸುವುದಕ್ಕೆ ಬೆರಳೇ ಸಿಗುವುದಿಲ್ಲ.

ನಂಬಬಹುದೇ?

ಈ ಚಿತ್ರಗಳನ್ನು ಮೊದಲ ಬಾರಿ ನೋಡಿದವರಿಗೆ ಒಂದು ಸಂಶಯ ಬರಲೇಬೇಕು, ಬರದಿದ್ದರೆ ತಪ್ಪು. ನೆಲದ ಮೇಲೆ ಚೆಲ್ಲಿದ ದಾರ ತಾನೇ ತನ್ನ ಮೇಲೆ ಹಾದು ಕುಣಿಕೆಯಂತೆ ಕಾಣುವುದು ಯಾರಿಗೆ ಗೊತ್ತಿಲ್ಲ? ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಕುಣಿಕೆಯಲ್ಲ, ಅದು ದಾರ ಬಿದ್ದ ರೀತಿಯಿಂದ ಆದದ್ದಲ್ಲ ಎಂದು ತೋರಿಸಲು ಅವರು ಪಟ್ಟ ಪಾಡು.

ಸುಮ್ಮನೆ ಅಡ್ಡ ಬಿದ್ದ ದಾರವಾದರೆ ಕೂಡುವ ಜಾಗವನ್ನು ದಾಟಿ ಒಂದಿಷ್ಟು ತುದಿ ಹೊರಚಾಚಿರಬೇಕು. ಇಲ್ಲಿ ಎಳೆ ಸರಿಯಾಗಿ ಆ ಜಾಗದಲ್ಲೇ ಕೊನೆಗೊಳ್ಳುತ್ತಿತ್ತು. ಒಂಟಿ ಎಳೆ ನಿಜಕ್ಕೂ ಜೋಡಿಯೊಳಗೆ ತೂರಿದ್ದರೆ, ಅದು ಪಕ್ಕಕ್ಕೆ ತಳ್ಳಿದ ಇನ್ನೊಂದು ಎಳೆ ಅಲ್ಲಿ ಒಂಟಿಯಾಗಿ ಉಳಿದಿರಬೇಕು. ಒಂಟಿ ಎಳೆಗೆ ಮಾತ್ರ ಅಂಟುವ ಬ್ಯಾಕ್ಟೀರಿಯಾದ ಪ್ರೋಟೀನೊಂದನ್ನು ಸೇರಿಸಿದಾಗ ಅದು ಹೋಗಿ ಕುಣಿಕೆಯ ಬುಡದಲ್ಲೇ ಕುಳಿತಿತು. ಟೆಲೊಮೀರಿನ ಪದವನ್ನು ಹಿಡಿಯುವ ಟಿಆರ್‌ಎಫ್‌1 ಪ್ರೋಟೀನನ್ನು ಹಾಕಿದಾಗ ಅದು ಕುಣಿಕೆಯುದ್ದಕ್ಕೂ ಅಂಟಿತು, ಹಾಗಾಗಿ ಅದು ಬೇರೆ ಡಿಎನ್‌ಎ ಅಲ್ಲ. ಟೆಲೊಮೀರುಗಳು ಉದ್ದವಿರುವ ಕೋಶಗಳಲ್ಲಿ ಕುಣಿಕೆಗಳೂ ದೊಡ್ಡವಾಗಿದ್ದವು. ಕೃತಕವಾಗಿ ತಯಾರಿಸಿದ ಟೆಲೊಮೀರ್ ಡಿಎನ್‌ಎಗೆ ಬರಿಯ ಟಿಆರ್‌ಎಫ್‌2 ಸೇರಿಸಿದರೂ ಕುಣಿಕೆ ಕಟ್ಟಿಕೊಂಡಿತು. ಒಂದೊಂದು ಸಾಕ್ಷಿಯೂ ಸ್ವಲ್ಪ ಸ್ವಲ್ಪವೇ ಸಂಶಯದ ಬಾಗಿಲನ್ನು ಮುಚ್ಚುತ್ತ ಬಂತು. ಬಟಾಣಿ ಗಿಡದಲ್ಲಿ, ನಿದ್ರಾರೋಗ ತರುವ ಟ್ರಿಪನೊಸೋಮಾ ಪರಾವಲಂಬಿಯಲ್ಲಿ ಕೂಡ ಇಂಥ ಕುಣಿಕೆಗಳು ಸಿಕ್ಕವು.

ಹಾಗಿದ್ದರೂ ಎರಡು ಮಾತು ಬಾಕಿ ಉಳಿದಿದ್ದವು. ಎಲ್ಲ ಅಣುಗಳಲ್ಲೂ ಕುಣಿಕೆ ಇರಲಿಲ್ಲ. ಉಳಿದವು ನಿಜವಾಗಿಯೂ ತೆರೆದಿದ್ದವೋ, ಅಥವಾ ಹೊಲಿಗೆ ಸರಿಯಾಗಿ ಬೀಳದೆ ಬಿಚ್ಚಿಹೋದವೋ? ಇನ್ನೊಂದು, ಜೀವಂತ ಕೋಶದಲ್ಲಿ ಕುಣಿಕೆ ಕಟ್ಟಲು ಟಿಆರ್‌ಎಫ್‌2 ಬೇಕೇಬೇಕೆ?

ಎರಡನೆಯ ಪ್ರಶ್ನೆಗೆ ಉತ್ತರ ಬರಲು ಬೆಳಕಿನ ಸೂಕ್ಷ್ಮದರ್ಶಕವೇ ತನ್ನ ಮಿತಿಯನ್ನು ದಾಟಬೇಕಾಯಿತು. ಹಾರ್ವರ್ಡಿನ ಷಿಯಾವೊವೆಯ್ ಜುವಾಂಗ್ ಅವರ ತಂಡ 2006ರಲ್ಲಿ ಸ್ಟಾರ್ಮ್ ಎಂಬ ವಿಧಾನವನ್ನು ಪ್ರಕಟಿಸಿತ್ತು. ಅದರ ತಿರುಳು ಇಷ್ಟು: ಎಲ್ಲ ಬಣ್ಣದ ಅಣುಗಳೂ ಒಟ್ಟಿಗೆ ಹೊಳೆದರೆ ಮಸುಕು ಬಿಲ್ಲೆಗಳು ಒಂದರ ಮೇಲೊಂದು ಬೀಳುತ್ತವೆ. ಅದರ ಬದಲು ಒಂದು ಗಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಅಣು ಮಾತ್ರ ಮಿನುಗುವಂತೆ ಮಾಡಿದರೆ, ಒಂಟಿ ಬಿಲ್ಲೆ ಎಷ್ಟೇ ಮಸುಕಾಗಿದ್ದರೂ ಅದರ ನಟ್ಟನಡುವಿನ ಬಿಂದುವನ್ನು ಲೆಕ್ಕ ಹಾಕಿ ಗುರುತಿಸಬಹುದು. ಮುಂದಿನ ಗಳಿಗೆಯಲ್ಲಿ ಬೇರೆ ಅಣುಗಳು. ಹೀಗೆ ಸಾವಿರಾರು ಚಿತ್ರಗಳಿಂದ ಬಿಂದುಬಿಂದುವಾಗಿ ಜೋಡಿಸಿದ ಚಿತ್ರ ಸುಮಾರು 20 ನ್ಯಾನೊಮೀಟರಿನಷ್ಟು ಸ್ಪಷ್ಟವಾಗಿರುತ್ತದೆ. ಬೆಳಕಿನ ಮಿತಿಯನ್ನು ಮೀರಿದ ಇಂಥ ವಿಧಾನಗಳಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಅದನ್ನು ಪಡೆದವರು ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್ ಮತ್ತು ವಿಲಿಯಂ ಮೋರ್ನರ್.

2013ರಲ್ಲಿ ಜುವಾಂಗ್ ಮತ್ತು ಡಿ ಲಾಂಗೆ ಅವರ ತಂಡಗಳು ಇಲಿಯ ಕೋಶಗಳ ಟೆಲೊಮೀರುಗಳನ್ನು ಸೊರಾಲೆನ್‌ನಿಂದ ಹೊಲಿದು, ಗಾಜಿನ ಮೇಲೆ ಹರಡಿ, ಫಿಶ್ ವಿಧಾನದಿಂದ ಬೆಳಗಿಸಿ ಸ್ಟಾರ್ಮ್ ಮೂಲಕ ನೋಡಿದವು. ಇಲ್ಲಿ ಶುದ್ಧೀಕರಣವೇ ಬೇಕಿಲ್ಲ ಎಂಬುದನ್ನು ಗಮನಿಸಿ. ಹೊಳೆಯುವುದು ಟೆಲೊಮೀರ್ ಮಾತ್ರ, ಉಳಿದ ಡಿಎನ್‌ಎ ಕತ್ತಲಲ್ಲಿ ಇರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ತಯಾರಿಗೂ ಇದಕ್ಕೂ ಬಹಳ ವ್ಯತ್ಯಾಸ, ಆದರೂ ಅದೇ ಕುಣಿಕೆಗಳು ಕಂಡವು. ಟಿಆರ್‌ಎಫ್‌2 ವಂಶವಾಹಿಯನ್ನು ತೆಗೆದುಹಾಕಿದ ಕೋಶಗಳಲ್ಲಿ ಕುಣಿಕೆಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಶೆಲ್ಟರಿನ್‌ನ ಬೇರೆ ಸದಸ್ಯರನ್ನು ತೆಗೆದಾಗ ಹಾಗಾಗಲಿಲ್ಲ. ಬೋಗಿಗಳಂತೆ ಬೆಸೆದುಕೊಂಡ ವರ್ಣತಂತುಗಳ ಚಿತ್ರಕ್ಕೂ ಲೋಹ ಲೇಪಿಸಿದ ಕುಣಿಕೆಗಳ ಚಿತ್ರಕ್ಕೂ ನಡುವೆ ಕಾಣೆಯಾಗಿದ್ದ ಕೊಂಡಿ ಹೀಗೆ ಸಿಕ್ಕಿತು. 2018ರಲ್ಲಿ ಇನ್ನೊಂದು ತಂಡ ಏರಿಸ್ಕ್ಯಾನ್ ಎಂಬ ಬೇರೆ ಬಗೆಯ ಸೂಕ್ಷ್ಮದರ್ಶಕದಿಂದ ನೋಡಿ, ಕುಣಿಕೆಗಳು ಬಿಚ್ಚಿಕೊಂಡು ನೇರ ಎಳೆಗಳು ಹೆಚ್ಚಾದಾಗ ಕೋಶದ ಅಪಾಯ ಸಂಕೇತವೂ ಹೆಚ್ಚಾಗುವುದನ್ನು ತೋರಿಸಿತು.

ಎಲ್ಲವೂ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. 2016ರಲ್ಲಿ ಬರ್ಕ್ಲಿಯ ಒಂದು ತಂಡ ಅತಿಸ್ಪಷ್ಟ ಸೂಕ್ಷ್ಮದರ್ಶಕದಿಂದ ಟೆಲೊಮೀರುಗಳ ಗಾತ್ರ ಅಳೆದು, ಶೆಲ್ಟರಿನ್ ಅವುಗಳನ್ನು ಬಿಗಿಯಾಗಿ ಮುದುಡಿಸಿಟ್ಟಿರುತ್ತದೆ, ಅದು ಹೋದರೆ ಅವು ಹತ್ತು ಪಟ್ಟಿನವರೆಗೂ ಉಬ್ಬುತ್ತವೆ ಎಂದು ವರದಿ ಮಾಡಿತು. ಮುದುಡಿರುವುದೇ ರಕ್ಷಣೆ ಎಂಬ ವಾದ ಅದು. ಮರುವರ್ಷ ಎರಡು ಬೇರೆ ತಂಡಗಳು ಅಳೆದಾಗ, ಅಪಾಯ ಸಂಕೇತ ಹೊತ್ತಿಕೊಂಡ ನಂತರವೂ ಬಹುಪಾಲು ಟೆಲೊಮೀರುಗಳ ಗಾತ್ರದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎರಡು ಮೂರು ಟೆಲೊಮೀರುಗಳು ಒಂದೆಡೆ ಗುಂಪುಗೂಡಿದರೆ ಅದೂ ಉಬ್ಬಿದ ಒಂದೇ ಟೆಲೊಮೀರಿನಂತೆ ಕಾಣಬಹುದು. ನನಗೆ ಎರಡನೆಯ ಪಕ್ಷದ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದು ಎರಡು ಸ್ವತಂತ್ರ ತಂಡಗಳಿಂದ ಬಂದಿದೆ. ಸೂಕ್ಷ್ಮದರ್ಶಕ ಹೆಚ್ಚು ಸ್ಪಷ್ಟವಾದಷ್ಟೂ ಅದು ತೋರಿಸುವ ಚುಕ್ಕೆ ಯಾವುದರದು ಎಂದು ಕೇಳುವ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಹೆಪ್ಪುಗಟ್ಟಿದ ನೀರು, ಓಡಾಡುವ ಕಿಣ್ವ

ಲೋಹದ ಲೇಪವೂ ಬೇಡ, ಹರಡುವುದೂ ಬೇಡ ಎನ್ನುವವರಿಗೆ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನ ಇದೆ. ಅಣುಗಳಿರುವ ನೀರನ್ನು ಹರಳುಗಟ್ಟಲು ಪುರುಸೊತ್ತು ಕೊಡದೆ ಕ್ಷಣಾರ್ಧದಲ್ಲಿ ಗಾಜಿನಂತೆ ಹೆಪ್ಪುಗಟ್ಟಿಸಿ, ಒಂದೇ ಅಣುವಿನ ಸಾವಿರಾರು ಪ್ರತಿಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕೂಡಿಸಿ ಮೂರು ಆಯಾಮದ ರೂಪ ಪಡೆಯುತ್ತಾರೆ. ಮಾನವ ಟೆಲೊಮರೇಸ್ ಕಿಣ್ವದ ಎರಡು ಹಾಲೆಗಳ ರೂಪ 2018ರಲ್ಲಿ ಹೀಗೆಯೇ ಹೊರಬಂತು. 2022ರಲ್ಲಿ ಸಿಂಗಪುರದ ಸಂಶೋಧಕರು ಪ್ರಯೋಗಾಲಯದಲ್ಲಿ ಕಟ್ಟಿದ ಟೆಲೊಮೀರ್ ತುಣುಕುಗಳನ್ನು ನೋಡಿ ಅನಿರೀಕ್ಷಿತ ಸಂಗತಿಯೊಂದನ್ನು ವರದಿ ಮಾಡಿದರು. ಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಗುಂಡುಗಳಿಗೆ ಸುತ್ತಿಕೊಂಡಿರುತ್ತದೆ. ಉಳಿದೆಡೆ ಆ ಗುಂಡುಗಳು ದಾರದಲ್ಲಿ ಪೋಣಿಸಿದ ಮಣಿಗಳಂತಿದ್ದರೆ, ಟೆಲೊಮೀರಿನಲ್ಲಿ ಅವು ನಾಣ್ಯಗಳಂತೆ ಒಂದರ ಮೇಲೊಂದು ಪೇರಿಸಿ ಕಂಬವಾಗಬಲ್ಲವು, ಡಿಎನ್‌ಎ ಆ ಕಂಬದ ಸುತ್ತ ಸ್ಪ್ರಿಂಗಿನಂತೆ ಎಡೆಬಿಡದೆ ಸುತ್ತಿರುತ್ತದೆ.

ಇವೆಲ್ಲ ನಿಂತ ಚಿತ್ರಗಳು. ಜೀವಂತ ಕೋಶದಲ್ಲಿ ಚಲನೆ ನೋಡಬೇಕಾದರೆ ಕಿಣ್ವಕ್ಕೇ ಹೊಳೆಯುವ ಬಾಲ ಕಟ್ಟಬೇಕು. ಥಾಮಸ್ ಚೆಕ್ ಅವರ ಪ್ರಯೋಗಾಲಯ 2016ರಲ್ಲಿ ವಂಶವಾಹಿಯನ್ನೇ ತಿದ್ದಿ ಟೆಲೊಮರೇಸಿಗೆ ಇಂಥ ಗುರುತು ಹಾಕಿ, ಒಂದೊಂದು ಅಣುವಿನ ಜಾಡು ಹಿಡಿಯಿತು. ಟೆಲೊಮರೇಸ್ ಒಂದು ತುದಿಗೆ ಬಂದು ನೆಲೆಯೂರಿ ಕೆಲಸ ಮುಗಿಸಿ ಹೋಗುವ ಕಿಣ್ವವಾಗಿ ಕಾಣಲಿಲ್ಲ. ಅದು ಕೋಶಕೇಂದ್ರದ ತುಂಬ ಅಲೆಯುತ್ತ ಟೆಲೊಮೀರುಗಳನ್ನು ಕ್ಷಣಕಾಲ ತಟ್ಟಿ ಹೊರಡುತ್ತದೆ, ಮತ್ತೆ ತಟ್ಟುತ್ತದೆ. ಹೀಗೆ ಅಸಂಖ್ಯ ಬಾರಿ ತಟ್ಟಿದ ಮೇಲೆ ಎಲ್ಲೋ ಒಮ್ಮೆ ಹೆಚ್ಚು ಹೊತ್ತು ನಿಲ್ಲುತ್ತದೆ. ತುದಿ ಹುದುಗಿರುವಾಗ ಟೆಲೊಮರೇಸಿಗೂ ಅದು ಸಿಗುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಕುಣಿಕೆಯನ್ನು ಬಿಡಿಸಲು ಆರ್‌ಟಿಇಎಲ್‌1 ಎಂಬ ಇನ್ನೊಂದು ಪ್ರೋಟೀನು ಬರುತ್ತದೆ, ಅದನ್ನು ಕರೆಸಿಕೊಳ್ಳುವುದೂ ಟಿಆರ್‌ಎಫ್‌2. ಕಟ್ಟುವ ಕೆಲಸವೂ ಅದರದೇ, ಬಿಚ್ಚಲು ಹೇಳಿ ಕಳುಹಿಸುವುದೂ ಅದೇ.

ಇಲ್ಲಿ ಹೇಳಿದ ಕುಣಿಕೆಯ ಚಿತ್ರಗಳೆಲ್ಲ ಹೊಲಿದು ಹರಡಿದ ಟೆಲೊಮೀರುಗಳವು. ಅದನ್ನು ಅದರ ಸ್ವಂತ ಜಾಗದಲ್ಲಿ, ಮುದುಡಿದ ಸ್ಥಿತಿಯಲ್ಲೇ ನೋಡುವ ಹಾದಿಯೂ ರೂಪುಗೊಳ್ಳುತ್ತಿದೆ. ಇಡೀ ಕೋಶವನ್ನು ಹೆಪ್ಪುಗಟ್ಟಿಸಿ, ಅಯಾನುಗಳ ಕಿರಣದಿಂದ ಕೆತ್ತುತ್ತ ನೂರಿನ್ನೂರು ನ್ಯಾನೊಮೀಟರಿನ ತೆಳು ಹಾಳೆಯನ್ನಷ್ಟೇ ಉಳಿಸಿಕೊಂಡು, ಅದನ್ನು ಬೇರೆಬೇರೆ ಕೋನಗಳಿಂದ ಎಲೆಕ್ಟ್ರಾನುಗಳಿಂದ ಚಿತ್ರಿಸಬಹುದು. ಆದರೆ ಆ ಹಾಳೆಯ ತುಂಬ ಒಂದೇ ಬಗೆಯ ಎಳೆಗಳು ಕಿಕ್ಕಿರಿದಿರುತ್ತವೆ, ಯಾವುದೂ ತಾನು ಟೆಲೊಮೀರ್ ಎಂದು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅದೇ ಹಾಳೆಯನ್ನು ಮೊದಲು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಳೆಯುವ ಚುಕ್ಕೆ ಎಲ್ಲಿದೆಯೆಂದು ಗುರುತು ಮಾಡಿಕೊಂಡು, ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು ಹೊಂದಿಸಬೇಕು. ಹೊಂದಿಕೆಯಲ್ಲಿ ಕೆಲವು ಹತ್ತು ನ್ಯಾನೊಮೀಟರಿನಷ್ಟು ತಪ್ಪಾದರೂ ಸಾಕು, ನಾವು ನೋಡುತ್ತಿರುವುದು ಪಕ್ಕದ ಎಳೆಯಾಗಿರುತ್ತದೆ.